ಹಳೆಯ ಕೊಳಗದಿಂದ ಇಂದಿನ ಅಕ್ಕಿಯನ್ನು ಅಳೆಯುವವರು

ವ್ಯಾಪಾರದಲ್ಲಿ ನಡೆಯುವ ಅನ್ಯಾಯವು ಬಹುಮಟ್ಟಿಗೆ ಅಳತೆಯಲ್ಲಿ ಅಡಗಿರುತ್ತದೆ. ತಕ್ಕಡಿಯು ನೋಡುವವರ ಕಣ್ಣಿಗೆ ನೆಟ್ಟಗೆ ಕಾಣುತ್ತದೆ. ತೂಕದ ಕಲ್ಲು ಮಾತ್ರ ಸುಳ್ಳಾಗಿರುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ, ಕದ್ದ ಮಾಲನ್ನು ಕೊಳ್ಳುವ ದೋಷದ ಸಾಲಿನಲ್ಲಿಯೇ ಹೀನಾಧಿಕ ಮಾನೋನ್ಮಾನವನ್ನೂ, ಎಂದರೆ ಕೊಳ್ಳುವಾಗ ಒಂದು, ಕೊಡುವಾಗ ಇನ್ನೊಂದು ಅಳತೆಯನ್ನು ಬಳಸುವುದನ್ನೂ, ಸೇರಿಸಿರುವುದು ಈ ಕಾರಣದಿಂದಲೇ. ಈ ದೋಷವು ಕಿರಾಣಿ ಅಂಗಡಿಗೆ ಮಾತ್ರ ಸೀಮಿತವಾದುದಲ್ಲ. ರಾಷ್ಟ್ರರಾಷ್ಟ್ರಗಳ ನಡುವಿನ ಧಾನ್ಯ ವ್ಯವಹಾರದಲ್ಲಿ ಅದು 30 ವರ್ಷಗಳಿಂದ ಕಾನೂನಿನ ವೇಷ ಧರಿಸಿ ಕುಳಿತಿದೆ.

ವಿಶ್ವ ವ್ಯಾಪಾರ ಸಂಸ್ಥೆಯು 1995ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದಿತು. ಅದರೊಡನೆ ಜಾರಿಗೆ ಬಂದ ಕೃಷಿ ಒಪ್ಪಂದವು, ಬಡವರ ಆಹಾರ ಭದ್ರತೆಗಾಗಿ ಸರ್ಕಾರಗಳು ಧಾನ್ಯವನ್ನು ಸಂಗ್ರಹಿಸಿಡುವುದಕ್ಕೆ ಮೇಲುನೋಟಕ್ಕೆ ಅಡ್ಡಿಪಡಿಸುವುದಿಲ್ಲ. ಆದರೆ ಸರ್ಕಾರವು ತಾನೇ ನಿಗದಿಪಡಿಸಿದ ಬೆಲೆಗೆ ರೈತನಿಂದ ಧಾನ್ಯ ಕೊಂಡರೆ, ಆ ಬೆಲೆಗೂ ಒಂದು ‘ಬಾಹ್ಯ ಉಲ್ಲೇಖ ಬೆಲೆ’ಗೂ ಇರುವ ಅಂತರವನ್ನು ವ್ಯಾಪಾರವನ್ನು ಕೆಡಿಸುವ ಸಬ್ಸಿಡಿಯೆಂದು ಲೆಕ್ಕ ಹಾಕಬೇಕು. ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಈ ಮೊತ್ತವು ಆಯಾ ಬೆಳೆಯ ಒಟ್ಟು ಉತ್ಪಾದನಾ ಮೌಲ್ಯದ ಶೇ. 10ನ್ನು ಮೀರಬಾರದು. ಹಾಗಾದರೆ ಆ ಉಲ್ಲೇಖ ಬೆಲೆ ಯಾವುದು? ಈ ವರ್ಷದ್ದೇ, ಹೋದ ವರ್ಷದ್ದೇ? ಎರಡೂ ಅಲ್ಲ. ಅದು 1986ರಿಂದ 1988ರವರೆಗಿನ ಸರಾಸರಿ ಬೆಲೆ. ಆ ಕಾಲದಲ್ಲಿ ಒಂದು ಡಾಲರಿಗೆ ಸುಮಾರು 13 ರೂಪಾಯಿ ಇತ್ತು. ಅಂದಿನ ಕೊಳಗವನ್ನೇ ಇಂದಿನ ಅಕ್ಕಿಯ ಮುಂದೆ ಹಿಡಿಯಲಾಗುತ್ತಿದೆ.

ಇದರ ಪರಿಣಾಮವನ್ನು ಭಾರತದ ಅಕ್ಕಿಯ ಲೆಕ್ಕದಿಂದಲೇ ತಿಳಿಯಬಹುದು. 2018-19ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 1750 ರೂಪಾಯಿ. ಒಂದು ಕ್ವಿಂಟಲ್ ಭತ್ತದಿಂದ 67 ಕಿಲೋ ಅಕ್ಕಿ ದೊರೆಯುತ್ತದೆಂದು ಹಿಡಿದರೆ, ಒಂದು ಟನ್ ಅಕ್ಕಿಯ ಬೆಲೆ ಸುಮಾರು 26,000 ರೂಪಾಯಿ. ಅಂದಿನ ವಿನಿಮಯ ದರದಲ್ಲಿ ಸುಮಾರು 370 ಡಾಲರ್. ಒಪ್ಪಂದದ ಉಲ್ಲೇಖ ಬೆಲೆಯಾದರೋ ಟನ್ನಿಗೆ ಸುಮಾರು 262 ಡಾಲರ್. ಆ ವರ್ಷದ ಲೋಕದ ಮಾರುಕಟ್ಟೆಯಲ್ಲಿ ಆ ಬೆಲೆಗೆ ಅಕ್ಕಿ ಎಲ್ಲಿಯೂ ಹೇರಳವಾಗಿ ಸಿಗುತ್ತಿರಲಿಲ್ಲ. ಆದರೂ ಟನ್ನಿಗೆ 100 ಡಾಲರಿಗೂ ಹೆಚ್ಚಿನ ಆ ಅಂತರವನ್ನು ಸರ್ಕಾರವು ಕೊಂಡ ಅಕ್ಕಿಯ ಪ್ರಮಾಣದಿಂದ ಗುಣಿಸಿ, 500 ಕೋಟಿ ಡಾಲರ್ ಸಬ್ಸಿಡಿಯೆಂದು ಬರೆಯಬೇಕಾಯಿತು. ಅಕ್ಕಿಯ ಒಟ್ಟು ಉತ್ಪಾದನಾ ಮೌಲ್ಯ 4367 ಕೋಟಿ ಡಾಲರ್. ಆದ್ದರಿಂದ ಭಾರತವು ಮಿತಿಯನ್ನು ಮೀರಿದೆಯೆಂದು ತೀರ್ಮಾನವಾಯಿತು. ಆ ವರ್ಷದ ನಿಜವಾದ ಬೆಲೆಯನ್ನೇ ಆಧಾರವಾಗಿ ಹಿಡಿದಿದ್ದರೆ ಈ ‘ಅಪರಾಧ’ದ ಬಹುಪಾಲು ಕರಗಿಹೋಗುತ್ತಿತ್ತು. ರೈತನ ಬೀಜ, ಗೊಬ್ಬರ, ಕೂಲಿ ಎಲ್ಲವೂ ಏರಿದ ಮೇಲೆ ಅಳತೆಗೋಲು ಮಾತ್ರ ನಿಂತಲ್ಲಿಯೇ ನಿಂತರೆ, ಅದು ಅಳೆಯುವುದು ಸಬ್ಸಿಡಿಯನ್ನಲ್ಲ, ಹಣದುಬ್ಬರವನ್ನು.

ಇನ್ನು ಇದೇ ಒಪ್ಪಂದದ ಇನ್ನೊಂದು ಕಲ್ಲನ್ನು ನೋಡಬೇಕು. 1986-88ರ ಸುಮಾರಿಗೆ ಯಾರು ತಮ್ಮ ಕೃಷಿಗೆ ಅಪಾರ ಸಬ್ಸಿಡಿ ಕೊಡುತ್ತಿದ್ದರೋ ಅವರು ಅದರಲ್ಲಿ ಶೇ. 20ನ್ನು ಕಡಿಮೆ ಮಾಡುವುದಾಗಿ ಮಾತು ಕೊಟ್ಟು, ಉಳಿದುದನ್ನು ಹಕ್ಕಾಗಿ ಇರಿಸಿಕೊಂಡರು. ಅಮೆರಿಕಕ್ಕೆ ವರ್ಷಕ್ಕೆ 1910 ಕೋಟಿ ಡಾಲರ್, ಯೂರೋಪಿಯನ್ ಒಕ್ಕೂಟಕ್ಕೆ ಸುಮಾರು 7200 ಕೋಟಿ ಯೂರೊ, ಹೀಗೆ ಶೇಕಡಾ ಮಿತಿಯ ಮೇಲೆ ಪ್ರತ್ಯೇಕ ಭತ್ಯೆ ದೊರೆಯಿತು. ಭಾರತದಂತೆ ಅಂದು ಅಂಥ ಸಬ್ಸಿಡಿಯನ್ನು ತೋರಿಸದ ರಾಷ್ಟ್ರಗಳಿಗೆ ಸಿಕ್ಕಿದ್ದು ಸೊನ್ನೆ. ಹೆಚ್ಚು ತಪ್ಪು ಮಾಡಿದವನಿಗೆ ಹೆಚ್ಚು ವಿನಾಯಿತಿ, ಮಾಡದವನಿಗೆ ಕಟ್ಟುನಿಟ್ಟು: ಇದು ಯಾವ ನ್ಯಾಯ? ಅಮೆರಿಕವು ತನ್ನ ಬಡವರಿಗೆ ಸರ್ಕಾರದ ಹಣದಿಂದ ಆಹಾರದ ಕೂಪನ್ನು ಕೊಟ್ಟರೆ, ಎಷ್ಟೇ ಕೋಟಿ ಡಾಲರ್ ಆಗಲಿ, ಅದು ಮಿತಿಯಿಲ್ಲದ ‘ಹಸಿರು ಪೆಟ್ಟಿಗೆ’ಯಲ್ಲಿ ಸೇರುತ್ತದೆ. ಭಾರತವು ರೈತನಿಂದ ಭತ್ತ ಕೊಂಡು ಪಡಿತರ ಅಂಗಡಿಗೆ ಕಳಿಸಿದರೆ ಮಾತ್ರ ವಿವಾದ ಹುಟ್ಟುತ್ತದೆ. ಹಸಿವು ಒಂದೇ, ಅದನ್ನು ತಣಿಸುವ ಮಾರ್ಗಕ್ಕೆ ತೆರಿಗೆಯೆಂಬಂತೆ ದೋಷ ಹೊರಿಸುವುದು ಬಡವನ ದೇಶಕ್ಕೆ.

ಈ ಅಸಂಗತತೆ ಯಾರಿಗೂ ಗೊತ್ತಿಲ್ಲವೆಂದಲ್ಲ. ಅಭಿವೃದ್ಧಿಶೀಲ ರಾಷ್ಟ್ರಗಳ ಜಿ-33 ಗುಂಪು 2012ರಲ್ಲಿಯೇ ತಿದ್ದುಪಡಿಯನ್ನು ಮುಂದಿಟ್ಟಿತು. 2013ರ ಡಿಸೆಂಬರಿನಲ್ಲಿ ಬಾಲಿಯಲ್ಲಿ ಸೇರಿದ ಸಚಿವರ ಸಮ್ಮೇಳನವು, ಅಂದು ಜಾರಿಯಲ್ಲಿದ್ದ ಆಹಾರ ಸಂಗ್ರಹ ಯೋಜನೆಗಳ ಮೇಲೆ ಯಾರೂ ದಾವೆ ಹೂಡಬಾರದೆಂಬ ‘ಶಾಂತಿ ಷರತ್ತ’ನ್ನು ಒಪ್ಪಿ, 2017ರೊಳಗೆ ಶಾಶ್ವತ ಪರಿಹಾರ ಕಂಡುಕೊಳ್ಳುವುದಾಗಿ ಸಾರಿತು. ಪರಿಹಾರ ದೊರೆಯುವ ತನಕ ಆ ಷರತ್ತು ಮುಂದುವರಿಯುವುದೆಂದು 2014ರ ನವೆಂಬರಿನಲ್ಲಿ ನಿರ್ಧಾರವಾಯಿತು. 2017ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಮ್ಮತ ಮೂಡಲಿಲ್ಲ. 2024ರಲ್ಲಿ ಅಬುಧಾಬಿಯಲ್ಲಿಯೂ ಮೂಡಲಿಲ್ಲ. ಅಕ್ಕಿಯ ಮಿತಿ ಮೀರಿದುದಕ್ಕಾಗಿ ಈ ಷರತ್ತಿನ ಆಶ್ರಯ ಪಡೆದ ಮೊದಲ ದೇಶ ಭಾರತ. 2013ರ ನಂತರ ಹೊಸದಾಗಿ ಆಹಾರ ಸಂಗ್ರಹ ಆರಂಭಿಸಬಯಸುವ ದೇಶಕ್ಕೆ ಬಾಲಿಯ ಆಶ್ರಯವು ದೊರೆಯುವುದೆಂಬ ಭರವಸೆಯಿಲ್ಲ. ಕ್ಷಮೆಯ ಮೇಲೆ ಬದುಕುವುದು ಬೇರೆ, ಹಕ್ಕಿನ ಮೇಲೆ ಬದುಕುವುದು ಬೇರೆ.

ಧಾನ್ಯ ಬೇಕಾದರೆ ಮಾರುಕಟ್ಟೆಯಲ್ಲಿ ಕೊಳ್ಳಬಹುದಲ್ಲ, ಕಣಜವೇಕೆ ಎಂದು ಪಂಡಿತರು ಕೇಳುತ್ತಾರೆ. 1966ರಲ್ಲಿ ಬರದಿಂದ ತತ್ತರಿಸಿದ ಭಾರತವು ಸುಮಾರು 1 ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಿತು. ಆಗ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಹಡಗುಗಳನ್ನು ತಡೆತಡೆದು ಬಿಡುತ್ತಿದ್ದರು. ಮುಂದಿನ ಹಡಗು ಬರುವುದೋ ಇಲ್ಲವೋ ಎಂದು ಒಂದು ದೇಶವೇ ಕಡಲ ಕಡೆ ನೋಡುತ್ತ ಕುಳಿತ ಅನುಭವದಿಂದ ಸಾರ್ವಜನಿಕ ಕಣಜದ ನೀತಿ ಗಟ್ಟಿಗೊಂಡಿತು. 2008ರಲ್ಲಿ ಥಾಯ್ ಅಕ್ಕಿಯ ಬೆಲೆ ಕೆಲವೇ ತಿಂಗಳಲ್ಲಿ ಟನ್ನಿಗೆ 1000 ಡಾಲರನ್ನು ದಾಟಿದಾಗ, ಮಾರುಕಟ್ಟೆಯನ್ನೇ ನಂಬಿದ್ದ ದೇಶಗಳು ಏನನ್ನು ಅನುಭವಿಸಿದವೆಂಬುದು ಸರ್ವವಿದಿತ.

ಎದುರುಪಕ್ಷದ ಮಾತಿನಲ್ಲಿ ಸತ್ಯಾಂಶವಿಲ್ಲವೆಂದರೆ ಅದು ಏಕಾಂತವಾದವಾದೀತು. ಸರ್ಕಾರಿ ದಾಸ್ತಾನಿನ ಅಕ್ಕಿ ರಫ್ತಿನ ಹಾದಿ ಹಿಡಿದರೆ ಬೇರೆ ದೇಶಗಳ ಸಣ್ಣ ರೈತರು ಕೆಡುತ್ತಾರೆಂದು ಥಾಯ್ಲೆಂಡ್, ಪಾಕಿಸ್ತಾನಗಳು ಆಕ್ಷೇಪಿಸುತ್ತವೆ. ವರ್ಷಕ್ಕೆ 2 ಕೋಟಿ ಟನ್ನಿಗೂ ಮಿಗಿಲಾಗಿ ಅಕ್ಕಿ ಮಾರಿದ ಭಾರತವು ಈ ಆಕ್ಷೇಪವನ್ನು ನಕ್ಕು ತಳ್ಳುವಂತಿಲ್ಲ. ಅಷ್ಟೇ ಅಲ್ಲ, ಭಾರತವು 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಯ ರಫ್ತನ್ನೂ 2023ರ ಜುಲೈಯಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ನಿಷೇಧಿಸಿತು. ಸೆನೆಗಲ್ ದೇಶದ ಬಡವರ ಮನೆಯಲ್ಲಿ ಬೇಯುವುದು ನುಚ್ಚಕ್ಕಿಯೇ. ಆ ನಿಷೇಧಗಳು ಇನ್ನೂ ಜಾರಿಯಲ್ಲಿದ್ದಾಗ, 2024ರ ಆಗಸ್ಟಿನಲ್ಲಿ, ಆಹಾರ ನಿಗಮದ ಅಕ್ಕಿಯನ್ನು ಎಥನಾಲ್ ಕಾರ್ಖಾನೆಗಳು ಕೊಳ್ಳಲು ಅನುಮತಿ ನೀಡಲಾಯಿತು. ಹಸಿದವನಿಗಾಗಿ ಕಣಜವೆಂದು ಜಿನೀವಾದಲ್ಲಿ ವಾದಿಸಿ, ಅದೇ ಕಣಜದ ಬಾಗಿಲನ್ನು ವಾಹನದ ಇಂಧನಕ್ಕೆ ತೆರೆಯುವುದೂ ಎರಡು ಅಳತೆಯೇ. ಪರರ ಸುಳ್ಳುಕಲ್ಲನ್ನು ತೋರಿಸುವವನು ತನ್ನ ತಕ್ಕಡಿಯನ್ನು ಮೊದಲು ತೊಳೆದಿಡಬೇಕು.

ಈ ವಿಷಯವು ಮಂತ್ರಿಗಳಿಗೂ ರಾಯಭಾರಿಗಳಿಗೂ ಸೇರಿದ್ದು, ಶ್ರಾವಕರಿಗೂ ಬಸದಿಗಳ ಟ್ರಸ್ಟುಗಳಿಗೂ ಏನು ಸಂಬಂಧವೆಂದು ಕೇಳುವವರುಂಟು. ಚತುರ್ವಿಧ ದಾನಗಳಲ್ಲಿ ಆಹಾರದಾನಕ್ಕೆ ಸಮಾಜವು ಕೊಟ್ಟಿರುವ ಸ್ಥಾನ ದೊಡ್ಡದು. ಆದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಡಿ ತಿಂಗಳಿಗೆ ತಲಾ 5 ಕಿಲೋ ಧಾನ್ಯ ಪಡೆಯುವವರು ಸುಮಾರು 80 ಕೋಟಿ ಜನ. ನಾಡಿನ ಎಲ್ಲ ಛತ್ರಗಳೂ ಭೋಜನಶಾಲೆಗಳೂ ಒಟ್ಟುಗೂಡಿದರೂ ಆ ಹೊರೆಯನ್ನು ಹೊರಲಾರವು. ಪಡಿತರದ ಬುಡವನ್ನು ಒಂದು ಸುಳ್ಳು ಅಳತೆ ಕೊರೆಯುತ್ತಿರುವಾಗ, ಪರ್ವದ ದಿನ ಒಂದು ಪಂಕ್ತಿಗೆ ಅನ್ನವಿಕ್ಕಿ ಕರ್ತವ್ಯ ಮುಗಿಯಿತೆನ್ನುವುದು ದಾನವನ್ನು ನ್ಯಾಯದ ಜಾಗದಲ್ಲಿ ಕೂರಿಸಿದಂತೆ. ಸಮಾಜದಲ್ಲಿ ಧಾನ್ಯದ ವರ್ತಕರೂ ಲೆಕ್ಕಪರಿಶೋಧಕರೂ ವಕೀಲರೂ ಬಹುಸಂಖ್ಯೆಯಲ್ಲಿದ್ದಾರೆ. ಈ ಲೆಕ್ಕವನ್ನು ಓದಬಲ್ಲವರು ಮೌನವಾಗಿದ್ದರೆ ಓದಲಾರದವರು ಏನು ಮಾಡಬೇಕು?

ಕೇಳಬೇಕಾದುದು ಹೆಚ್ಚೇನಲ್ಲ. 1986-88ರ ಬೆಲೆಯನ್ನು ಕೈಬಿಟ್ಟು ಇತ್ತೀಚಿನ ವರ್ಷಗಳ ಸರಾಸರಿಯನ್ನು ಹಿಡಿಯಬೇಕು, ಇಲ್ಲವೇ ಹಣದುಬ್ಬರಕ್ಕೆ ತಕ್ಕಂತೆ ಅದನ್ನು ತಿದ್ದಬೇಕು. ಬಾಲಿಯ ತಾತ್ಕಾಲಿಕ ಕೃಪೆಯು ಎಲ್ಲ ಬಡ ರಾಷ್ಟ್ರಗಳ ಶಾಶ್ವತ ಹಕ್ಕಾಗಬೇಕು. ಅದಕ್ಕೆ ಪ್ರತಿಯಾಗಿ, ಕಣಜಕ್ಕೆ ಕೊಂಡ ಧಾನ್ಯವು ರಫ್ತಿಗೂ ಇಂಧನಕ್ಕೂ ಹೋಗುವುದಿಲ್ಲವೆಂದು ಭಾರತವು ಬರಹದಲ್ಲಿ ಮಾತು ಕೊಡಬೇಕು; ತನ್ನನ್ನು ನಂಬಿದ ಬಡ ದೇಶಗಳಿಗೆ ಮುನ್ಸೂಚನೆಯಿಲ್ಲದೆ ಬಾಗಿಲು ಮುಚ್ಚಬಾರದು. ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಕೊಳಗ ಇರಬೇಕೆಂಬುದನ್ನು ಸಂತೆಯ ವ್ಯಾಪಾರಿಯಿಂದ ಅಪೇಕ್ಷಿಸುವ ಲೋಕವು, ಮಹಾರಾಷ್ಟ್ರಗಳೆನಿಸಿಕೊಂಡವುಗಳಿಂದ ಅದಕ್ಕಿಂತ ಕಡಿಮೆಯನ್ನು ಅಪೇಕ್ಷಿಸಬಾರದು.