ಜ್ಯಾಮರ್ ಇದ್ದರೆ ವಿಮಾನವನ್ನು ಯಾರೂ ಮುಟ್ಟಲಾರರೇ? 101ನೇ ಸ್ಕ್ವಾಡ್ರನ್ ಹೇಳುವ ಕಥೆ

ಯುದ್ಧದ ಸುದ್ದಿ ಬಂದಾಗಲೆಲ್ಲ ಇಂಥ ಫಾರ್ವರ್ಡ್‌ಗಳು ಮೊಬೈಲಿಗೆ ಬರುತ್ತವೆ: ಜ್ಯಾಮರ್ ವಿಮಾನದಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಶತ್ರುವಿನ ರಾಡಾರ್, ರೇಡಿಯೊ ಎಲ್ಲ ಬಂದ್, ಆ ವಿಮಾನವನ್ನು ಯಾರೂ ಮುಟ್ಟಲಾರರು. ಶೇರ್ ಮಾಡುವ ಮೊದಲು ಬ್ರಿಟಿಷ್ ವಾಯುಪಡೆಯ 101ನೇ ಸ್ಕ್ವಾಡ್ರನ್ ಕಥೆ ಓದಿ.

ಎರಡನೇ ಮಹಾಯುದ್ಧದಲ್ಲಿ ರಾತ್ರಿ ಹೊತ್ತು ಜರ್ಮನಿಯ ಮೇಲೆ ಬಾಂಬ್ ಹಾಕಲು ಹೋಗುತ್ತಿದ್ದ ಬ್ರಿಟಿಷ್ ವಿಮಾನಗಳನ್ನು ಜರ್ಮನ್ ಫೈಟರ್‌ಗಳು ಹುಡುಕಿ ಹೊಡೆಯುತ್ತಿದ್ದವು. ಎತ್ತ ಹೋಗಬೇಕೆಂದು ಫೈಟರ್ ಪೈಲಟ್‌ಗಳಿಗೆ ನೆಲದಿಂದ ನಿಯಂತ್ರಕರು ರೇಡಿಯೊದಲ್ಲಿ ಹೇಳುತ್ತಿದ್ದರು. ಆ ಮಾತನ್ನೇ ಕೆಡಿಸಿದರೆ? 1943ರ ಅಕ್ಟೋಬರ್‌ನಿಂದ, ಇಂಗ್ಲೆಂಡಿನ ಲಡ್‌ಫರ್ಡ್ ಮ್ಯಾಗ್ನಾ ನೆಲೆಯಲ್ಲಿದ್ದ 101ನೇ ಸ್ಕ್ವಾಡ್ರನ್ ಈ ಕೆಲಸಕ್ಕಿಳಿಯಿತು. ಉಪಕರಣದ ಗುಪ್ತನಾಮ ‘ಏರ್‌ಬೋರ್ನ್ ಸಿಗಾರ್’.

ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಸಾಮಾನ್ಯವಾಗಿ 7 ಜನ. ಇಲ್ಲಿ ಎಂಟನೆಯವನೊಬ್ಬ ಇರುತ್ತಿದ್ದ, ಜರ್ಮನ್ ಭಾಷೆ ಬಲ್ಲವನು. ಚಿಕ್ಕ ಪರದೆಯಲ್ಲಿ ಸಂಕೇತ ಮೂಡಿದ ಕೂಡಲೇ ಆ ತರಂಗಾಂತರಕ್ಕೆ ಟ್ಯೂನ್ ಮಾಡಿ ಕಿವಿಗೊಡುತ್ತಿದ್ದ. ಜರ್ಮನ್ ನಿಯಂತ್ರಕನದೇ ದನಿ ಎಂದು ಖಾತ್ರಿಯಾದರೆ ಅದೇ ತರಂಗಾಂತರದಲ್ಲಿ ಕರ್ಕಶ ಸದ್ದು ಹರಿಬಿಡುತ್ತಿದ್ದ. ಇದ್ದದ್ದು ಮೂರೇ ಟ್ರಾನ್ಸ್‌ಮಿಟರ್. ಎಲ್ಲವೂ ಬಂದ್ ಆಗುವ ಮಾತು ಎಲ್ಲಿಂದ ಬಂತು? ರಾಡಾರ್ ಕೆಡಿಸಲು ಬೇರೆಯೇ ಉಪಾಯ ಬೇಕಿತ್ತು. ಅದರಲ್ಲೊಂದು, ಗಾಳಿಯಲ್ಲಿ ಲೋಹದ ಹಾಳೆಯ ಪಟ್ಟಿಗಳನ್ನು ಚೆಲ್ಲುವುದು.

ಈ ಎಂಟನೆಯವನೇ ಜರ್ಮನ್‌ನಲ್ಲಿ ಸುಳ್ಳು ಆದೇಶ ಕೊಟ್ಟು ಫೈಟರ್‌ಗಳ ದಾರಿ ತಪ್ಪಿಸುತ್ತಿದ್ದ ಎಂದೂ ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಆ ಆಟ ನಡೆದದ್ದು ನೆಲದಿಂದ, ಕೆಂಟ್‌ನ ಕಿಂಗ್ಸ್‌ಡೌನ್ ಕೇಂದ್ರದಿಂದ. ಅದರ ಹೆಸರು ‘ಕರೋನಾ’. (ಹೌದು, ಅದೇ ಹೆಸರು. ವೈರಸ್‌ಗೂ ಇದಕ್ಕೂ ಸಂಬಂಧ ಹುಡುಕಬೇಡಿ!)

ಇನ್ನು ‘ಯಾರೂ ಮುಟ್ಟಲಾರರು’ ಎಂಬ ಮಾತು. ಕತ್ತಲಲ್ಲಿ ಟಾರ್ಚ್ ಬೀಸಿದರೆ ಎದುರಿನವನ ಕಣ್ಣು ಕೋರೈಸುತ್ತದೆ ನಿಜ, ಟಾರ್ಚ್ ಎಲ್ಲಿದೆ ಅನ್ನುವುದೂ ಅವನಿಗೆ ಗೊತ್ತಾಗುತ್ತದೆ. ಜ್ಯಾಮರ್ ಕೂಡ ಹಾಗೆಯೇ, ತರಂಗ ಹೊರಸೂಸುತ್ತಲೇ ಇರಬೇಕು. ಸಾಲದ್ದಕ್ಕೆ ಬೇರೆ ಸ್ಕ್ವಾಡ್ರನ್‌ಗಳಿಗೆ ಬಿಡುವಿದ್ದ ರಾತ್ರಿಗಳಲ್ಲೂ ಇವರನ್ನು ಕಳಿಸುತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಸ್ಕ್ವಾಡ್ರನ್ನಿನ 1,000ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆ ಎಂಟನೆಯವರಲ್ಲಿ ಕೆಲವರು ಹಿಟ್ಲರ್‌ನ ಕಾಟಕ್ಕೆ ದೇಶ ಬಿಟ್ಟು ಬಂದ ಯಹೂದಿಗಳು. ಸೆರೆಸಿಕ್ಕರೆ ಗತಿಯೇನೆಂದು ಗೊತ್ತಿದ್ದೇ ಇಂಗ್ಲಿಷ್ ಹೆಸರಿಟ್ಟುಕೊಂಡು ವಿಮಾನ ಹತ್ತುತ್ತಿದ್ದರು.

101ನೇ ಸ್ಕ್ವಾಡ್ರನ್ ಈಗ ಆಕಾಶದಲ್ಲೇ ಇಂಧನ ತುಂಬಿಸುವ ವಾಯೇಜರ್ ವಿಮಾನ ಹಾರಿಸುತ್ತದೆ. ಇವತ್ತಿನ ಕೆಲವು ಕ್ಷಿಪಣಿಗಳಂತೂ ಜ್ಯಾಮರ್‌ನ ತರಂಗವನ್ನೇ ದಾರಿಯಾಗಿಸಿಕೊಂಡು ಅದರತ್ತ ನುಗ್ಗುತ್ತವೆ.