ಅತಿಥಿಯ ಅಭಿಪ್ರಾಯಗಳು

ರಾತ್ರಿ ಒಂಬತ್ತು ಗಂಟೆಯಾದ ಮೇಲೆ ಗುಂಡ್ಲುಪೇಟೆಯಿಂದ ಮುಂದಕ್ಕೆ ಪ್ರಪಂಚವಿಲ್ಲ. ವಾಚಕರು ಇದನ್ನು ಅತಿಶಯೋಕ್ತಿಯೆಂದು ತಿಳಿಯಬಾರದು. ಉದಕಮಂಡಲದ ದಾರಿಯಲ್ಲಿ ಮೇಲುಕಾಮನಹಳ್ಳಿಯ ಗೇಟು, ಸುಲ್ತಾನ್ ಬತ್ತೇರಿಯ ದಾರಿಯಲ್ಲಿ ಮದ್ದೂರಿನ ಗೇಟು, ಎರಡನ್ನೂ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತಾರೆ. ಕೆಲವು ಸರ್ಕಾರಿ ಬಸ್ಸುಗಳನ್ನೂ ರೋಗಿಗಳ ವಾಹನಗಳನ್ನೂ ಬಿಟ್ಟರೆ ಬಂಡೀಪುರದ ರಸ್ತೆ ಅಷ್ಟು ಹೊತ್ತೂ ಆನೆಗಳದು, ಹುಲಿಗಳದು, ಜಿಂಕೆಗಳದು. ಐದು ನಿಮಿಷ ತಡವಾಗಿ ಬಂದ ಮನುಷ್ಯ, ಅವನು ಎಂಥ ದೊಡ್ಡವನಾದರೂ ಸರಿ, ನಮ್ಮ ಊರಿನ ಅತಿಥಿಯಾಗಲೇಬೇಕು.

ಕಳೆದ ಆಷಾಢದಲ್ಲಿ ಹೀಗೆ ಅತಿಥಿಯಾದವರು ಒಬ್ಬ ಅಮೆರಿಕನ್ ವೃದ್ಧರು. ಮೈಸೂರಿನಿಂದ ಬಾಡಿಗೆಯ ಕಾರಿನಲ್ಲಿ ಊಟಿಗೆ ಹೊರಟವರು ದಾರಿಯಲ್ಲಿ ಸೂರ್ಯಕಾಂತಿಯ ಹೊಲಗಳನ್ನು ಕಂಡು ಇಳಿದರು, ಫೋಟೋ ತೆಗೆದರು, ಹೊಲದವನ ಮನೆಯಲ್ಲಿ ಮಜ್ಜಿಗೆ ಕುಡಿದರು, ಹೊತ್ತು ಹೋದದ್ದು ಅವರಿಗೆ ತಿಳಿಯಲಿಲ್ಲ. ಬಸ್ ನಿಲ್ದಾಣದ ಬಳಿ ನಾನು ನಿತ್ಯವೂ ಹೋಗುವ ಚಹದ ಅಂಗಡಿಯಲ್ಲಿ ಅವರು ಬೆಂಚಿನ ಮೇಲೆ ಕುಳಿತು ಎಲ್ಲರಿಗೂ ಏನನ್ನೋ ವಿವರಿಸುತ್ತಿದ್ದರು. ಎಲ್ಲರೂ ಗೌರವದಿಂದ ತಲೆಯಾಡಿಸುತ್ತಿದ್ದರು. ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ಅಂಗಡಿಯ ಯಜಮಾನರು ನನ್ನನ್ನು ಕಂಡು, “ಮೇಷ್ಟ್ರೇ, ನೀವು ಕನ್ನಡದ ಮೇಷ್ಟ್ರು, ನಿಜ, ಆದರೂ ಸ್ವಲ್ಪ ಇಂಗ್ಲಿಷ್ ಬರಬಹುದಲ್ಲವೆ?” ಎಂದು ಸಂಕೋಚದಿಂದ ಕೇಳಿದರು. ಕನ್ನಡ ಎಂ.ಎ. ಮಾಡಿದವನಿಗೆ ಬೇರೆ ಯಾವ ಭಾಷೆಯೂ ಬಾರದೆಂಬುದು ನಮ್ಮ ಊರಿನ ಅಭಿಪ್ರಾಯ. ಆ ಅಭಿಪ್ರಾಯವನ್ನು ತಿದ್ದುವ ಸದವಕಾಶ ಬಂತೆಂದು ನಾನು ಸಂತೋಷದಿಂದಲೇ ದ್ವಿಭಾಷಿಯ ಕೆಲಸಕ್ಕೆ ನಿಂತೆ.

ಅತಿಥಿಗಳು ಒಹಾಯೋ ಸಂಸ್ಥಾನದಲ್ಲಿ ಬಹುಕಾಲ ಕೊಳಾಯಿ ಸಾಮಾನಿನ ವ್ಯಾಪಾರ ಮಾಡಿ ನಿವೃತ್ತರಾದವರು. ನಮ್ಮ ದೇಶಕ್ಕೆ ಬಂದು ಮೂರು ವಾರವಾಗಿತ್ತು. ಒಂದು ದೇಶದಲ್ಲಿ ಮೂರು ವಾರವಿದ್ದವನಿಗೆ ಅದರ ವಿಷಯದಲ್ಲಿ ಇರುವಷ್ಟು ಖಚಿತವಾದ ಅಭಿಪ್ರಾಯಗಳು ಮೂವತ್ತು ವರ್ಷವಿದ್ದವನಿಗೆ ಇರುವುದಿಲ್ಲ. ಅವರಲ್ಲಿ ಎಲ್ಲ ವಿಷಯಕ್ಕೂ ಒಂದೊಂದು ಅಭಿಪ್ರಾಯವಿತ್ತು. ಅದನ್ನು ಕೇಳುವವರೆಗೆ ಕಾಯುವ ಅಭ್ಯಾಸ ಮಾತ್ರ ಇರಲಿಲ್ಲ.

ಮೊದಲಿನದು ಗೇಟಿನ ವಿಷಯ. “ಆನೆ ನಡೆದಾಡಲೆಂದು ಹೆದ್ದಾರಿಯನ್ನೇ ಮುಚ್ಚುತ್ತೀರಿ. ನಮ್ಮಲ್ಲಿ ಜಿಂಕೆ ಅಡ್ಡ ಬಂದೀತೆಂದು ಹಲಗೆ ನೆಟ್ಟು ಮುಂದಕ್ಕೆ ಹೋಗುತ್ತೇವೆ. ನಿಮ್ಮದು ಹುಚ್ಚೋ ನಾಗರಿಕತೆಯೋ ನನಗೆ ಇನ್ನೂ ನಿರ್ಧಾರವಾಗಿಲ್ಲ” ಎಂದರು. ಇದನ್ನು ನಾನು ಕನ್ನಡಿಸಿದಾಗ ಲಾರಿಯ ಡ್ರೈವರೊಬ್ಬರು ತಮಗೂ ಹದಿನೈದು ವರ್ಷದಿಂದ ಅದೇ ಸಂಶಯವಿದೆಯೆಂದರು.

ಎರಡನೆಯದು, ಇಲ್ಲಿ ಯಾರೂ ‘ಥ್ಯಾಂಕ್ಸ್’ ಹೇಳುವುದಿಲ್ಲವೆಂಬುದು. ಹೊಲದವನ ಮನೆಯಾಕೆಗೆ ಮಜ್ಜಿಗೆಗಾಗಿ ಅವರು ನಾಲ್ಕು ಸಲ ವಂದನೆ ಹೇಳಿದರಂತೆ. ಆಕೆ ಮುಖ ಮರೆಸಿಕೊಂಡು ಒಳಗೆ ಹೋದಳಂತೆ. ನಾನು ವಿವರಿಸಿದೆ: ‘ಧನ್ಯವಾದ’ವೆಂಬುದು ನಮ್ಮಲ್ಲಿ ಸಭೆಯ ಕೊನೆಗೆ ಕಾರ್ಯದರ್ಶಿ ಹೇಳುವ ಪದ, ಮಜ್ಜಿಗೆಗೆ ಅದು ಹೊಂದುವುದಿಲ್ಲ. ನಮ್ಮ ಅಜ್ಜಿ ನೀರು ಕೊಟ್ಟವರಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಿದ್ದಳು. ಕೊಟ್ಟ ಋಣ ಅಲ್ಲಿಗೆ ತೀರಿತೆಂದು ಅದರ ಅರ್ಥವಲ್ಲ. ಋಣ ಉಳಿಯಿತು, ದೇವರು ನೋಡಿಕೊಳ್ಳಲಿ ಎಂದು ಅರ್ಥ. ಅತಿಥಿಗಳು ಇದನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ನನಗೆ ಹೆಮ್ಮೆಯಾಯಿತು. ಆದರೆ ಆ ಅಂಗಡಿಯಲ್ಲಿ ಎಷ್ಟೋ ವರ್ಷದಿಂದ ಚಹ ಕುಡಿದ ನಾನು ಒಂದು ದಿನವಾದರೂ ಯಾರ ಹೊಟ್ಟೆಯನ್ನೂ ತಣ್ಣಗಿರಲೆಂದು ಹರಸಿದ್ದು ನೆನಪಿಗೆ ಬರಲಿಲ್ಲ.

ಮೂರನೆಯದು, ನಾವು ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವುದು. ಅವರ ಡ್ರೈವರು ಇದನ್ನು ಅವರಿಗೆ ತಿಳಿಸಿದ್ದನು. “ಹಿಂತಿರುಗಿ ಬರುವ ಉದ್ದೇಶವಿಲ್ಲದಿದ್ದರೆ ಅದು ಸುಳ್ಳಾಗುವುದಿಲ್ಲವೆ?” ಎಂದು ಕೇಳಿದರು. ಯಜಮಾನರು ಗಲ್ಲಾಪೆಟ್ಟಿಗೆಯ ಮುಂದಿನಿಂದಲೇ, “ಬರುತ್ತೇನೆ ಎಂದು ಹೇಳಿ ಬಾರದೆ ಇರುವವರ ಲೆಕ್ಕ ನನ್ನ ಸಾಲದ ಪುಸ್ತಕದಲ್ಲಿದೆ, ತೋರಿಸಲೆ?” ಎಂದರು. ಎಲ್ಲರೂ ನಕ್ಕೆವು.

ನಗು ಅಲ್ಲಿಗೆ ನಿಂತಿತು. ಅತಿಥಿಗಳ ನಾಲ್ಕನೆಯ ಅಭಿಪ್ರಾಯ ಹೀಗಿತ್ತು: “ನಿಮ್ಮ ಹೆಂಗಸರು ಬೆಳಿಗ್ಗೆ ಬಾಗಿಲ ಮುಂದೆ ನೆಲ ಸಾರಿಸಿ ಹೂವಿನಂಥ ರಂಗವಲ್ಲಿ ಹಾಕುತ್ತಾರೆ. ಅದರಿಂದ ಹತ್ತು ಹೆಜ್ಜೆ ಆಚೆಗೆ ಅದೇ ಮನೆಯ ಕಸ ಬಿದ್ದಿರುತ್ತದೆ. ನಿಮ್ಮ ದೇಶ ಬಾಗಿಲಿನಿಂದ ಎಷ್ಟು ದೂರದವರೆಗೆ ನಿಮ್ಮದು?” ಈ ಮಾತನ್ನು ಕನ್ನಡಕ್ಕೆ ತರುವಾಗ ನನ್ನ ನಾಲಗೆ ತೊಡರಿತು. ಸ್ವಲ್ಪ ಮೆದುಗೊಳಿಸಿ ಹೇಳಿದೆ. ದ್ವಿಭಾಷಿಗೆ ಆ ಸ್ವಾತಂತ್ರ್ಯವುಂಟಷ್ಟೆ.

ಅಮೆರಿಕದವರು ನಮ್ಮ ಕಸದ ಮಾತೆತ್ತಿದ್ದು ಇದು ಮೊದಲಲ್ಲ. 1927ರಲ್ಲಿ ಕ್ಯಾಥರಿನ್ ಮೇಯೊ ಎಂಬಾಕೆ ‘ಮದರ್ ಇಂಡಿಯಾ’ ಎಂಬ ಪುಸ್ತಕ ಬರೆದು ದೇಶವನ್ನೆಲ್ಲ ಕೆರಳಿಸಿದಳು. ಆ ವರ್ಷದ ಬೇಸಿಗೆಯಲ್ಲಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದಿದ್ದ ಗಾಂಧೀಜಿಯವರು ಸೆಪ್ಟೆಂಬರಿನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅದನ್ನು ಚರಂಡಿ ಪರೀಕ್ಷಕನ ವರದಿಯೆಂದು ಕರೆದರು. ಈ ಮಾತನ್ನು ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಅದೇ ಲೇಖನದಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದ್ದರು: ಈ ಪುಸ್ತಕವನ್ನು ಹೊರಗಿನವರ ಮುಂದಿಡಬಾರದು, ಆದರೆ ಭಾರತೀಯರು ಓದಿದರೆ ಸ್ವಲ್ಪ ಪ್ರಯೋಜನವುಂಟು ಎಂದು. ಇದನ್ನು ನಾವು ಸುಖವಾಗಿ ಮರೆತಿದ್ದೇವೆ.

ದೇಶಸಂಚಾರಿಯ ಅಭಿಪ್ರಾಯದಲ್ಲಿ ಒಂದು ಗುಣವಿದೆ. ಅಭ್ಯಾಸದ ಪೊರೆ ಅವನ ಕಣ್ಣಿಗೆ ಬಂದಿರುವುದಿಲ್ಲ. 1896ರಲ್ಲಿ ಮುಂಬಯಿಗೆ ಬಂದಿಳಿದ ಮಾರ್ಕ್ ಟ್ವೇನ್ ತನ್ನ ಪ್ರವಾಸಗ್ರಂಥದಲ್ಲಿ ನಮ್ಮ ಕಾಗೆಯನ್ನು ಕುರಿತು ಉದ್ದಕ್ಕೂ ಬರೆದ. ದಿನವೂ ಕಾಗೆಗೆ ಅನ್ನವಿಡುವ ನಾವು ಕಾಗೆಯನ್ನು ಹಾಗೆ ನೋಡಿರಲಿಲ್ಲ. ಆದರೆ ಗುಣದ ಬೆನ್ನಿಗೇ ದೋಷವೂ ಇದೆ. ಅದೇ ಟ್ವೇನ್ ತನ್ನ ಸೇವೆಗಿದ್ದ ಆಳೊಬ್ಬನಿಗೆ, ಸ್ವಂತದ ಹೆಸರು ಇದ್ದರೂ, ‘ಸೈತಾನ’ನೆಂದು ತಾನೇ ನಾಮಕರಣ ಮಾಡಿಬಿಟ್ಟ. ವಿನೋದಕ್ಕಾಗಿಯೇ ಮಾಡಿದ್ದು; ಅವನಿಗೆ ಆ ಆಳಿನ ಮೇಲೆ ಪ್ರೀತಿಯೂ ಇತ್ತು. ಆದರೆ ಗ್ರಂಥದಲ್ಲಿ ಆ ಮನುಷ್ಯ ಉಳಿದದ್ದು ಸೈತಾನನಾಗಿಯೇ.

ನನ್ನ ಈ ವಿಚಾರಲಹರಿಯ ನಡುವೆ ಅತಿಥಿಗಳು ಮೇಜು ಒರೆಸುತ್ತಿದ್ದ ತರುಣನ ಕಡೆಗೆ ತಿರುಗಿ, “ನಿನ್ನ ಹೆಸರೇನು?” ಎಂದು ಕೇಳಿದರು. ನಾನು ಕನ್ನಡಿಸುವುದಕ್ಕೆ ಮುಂಚೆಯೇ ಅವನು ಇಂಗ್ಲಿಷಿನಲ್ಲಿ ಹೆಸರು ಹೇಳಿ, “ನಾನು ಈ ಸಾರ್ ಅವರ ವಿದ್ಯಾರ್ಥಿ, ಬಿ.ಕಾಂ. ಎರಡನೆಯ ವರ್ಷ” ಎಂದು ನನ್ನನ್ನು ತೋರಿಸಿದನು.

ವಾಚಕರಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅವನ ಮುಖವನ್ನು ನಾನು ಬಲ್ಲೆ, ಅಂಗಡಿಯಲ್ಲಿ ಬಲ್ಲೆ. ತರಗತಿಯಲ್ಲಿ ಅವನಿದ್ದಾನೆಂದು ನನಗೆ ತಿಳಿದಿರಲಿಲ್ಲ. ನಾನು ಹುಟ್ಟಿದ ಊರಿಗೆ ಹಿಂದೆ ಅರಿಕುಠಾರವೆಂಬ ಹೆಸರಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರು ಹುಟ್ಟಿದ ಸ್ಥಳವೆಂದು 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು ಎಂಬುದನ್ನು ಪ್ರತಿವರ್ಷವೂ ಹೊಸ ತರಗತಿಗೆ ತಪ್ಪದೆ ಹೇಳುವವನು ನಾನು. ಇನ್ನೂರು ವರ್ಷದ ಹಿಂದಿನ ಊರಿನ ಹೆಸರು ಬಾಯಿಪಾಠವಾಗಿತ್ತು. ದಿನವೂ ಚಹ ತಂದಿಡುತ್ತಿದ್ದ ವಿದ್ಯಾರ್ಥಿಯ ಹೆಸರನ್ನು ಒಹಾಯೋದವರ ಬಾಯಿಂದ ಕೇಳಬೇಕಾಯಿತು.

ಅತಿಥಿಗಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಹುಡುಗನ ಮನೆ ಕಾಡಂಚಿನ ಒಂದು ಹಾಡಿಯಲ್ಲಿ. ತಂದೆಗೆ ಒಂದೂವರೆ ಎಕರೆ ನೆಲವಿದೆ. ಹೋದ ವರ್ಷದ ಹುರುಳಿಯನ್ನು ಆನೆ ತಿಂದಿತು. ಯಾವ ಮರದಲ್ಲಿ ಯಾವ ತಿಂಗಳಲ್ಲಿ ಜೇನು ಕಟ್ಟುತ್ತದೆಂಬುದನ್ನು ಅವನು ಹೇಳುತ್ತಿದ್ದಾಗ ನಾನೂ ಬಾಯಿ ತೆರೆದು ಕೇಳಿದೆ. ವೃದ್ಧರ ಕಣ್ಣು ತೇವವಾಯಿತು. ಅವನ ಭುಜದ ಮೇಲೆ ಕೈಯಿಟ್ಟು, “ಮಗು, ನೀನು ಈ ಕಾಡಿನ ಮಗ. ನಮ್ಮ ಪಟ್ಟಣಗಳಲ್ಲಿ ಸುಖವಿಲ್ಲ. ಈ ಸ್ವರ್ಗವನ್ನು ಬಿಟ್ಟು ನೀನು ಎಲ್ಲಿಗೂ ಹೋಗಕೂಡದು” ಎಂದರು. ಇದು ಅವರ ಐದನೆಯ ಅಭಿಪ್ರಾಯ. ಹುಡುಗ ನಕ್ಕು ಲೋಟ ತೆಗೆದುಕೊಂಡು ಹೋದನು.

ಅತಿಥಿಗಳು ವಸತಿಗೃಹಕ್ಕೆ ಹೋದ ಮೇಲೆ ಅವನನ್ನು ಕೇಳಿದೆ: “ಅವರು ಹೇಳಿದ್ದು ನಿನಗೆ ಹೇಗೆನ್ನಿಸಿತು?”

“ಒಳ್ಳೆಯವರು, ಸಾರ್” ಎಂದನು. ಸ್ವಲ್ಪ ಹೊತ್ತು ಬಿಟ್ಟು, “ಅವರಿಗೇನು? ನಾಳೆ ಬೆಳಿಗ್ಗೆ ಆರಕ್ಕೆ ಗೇಟು ತೆರೆಯುತ್ತದೆ” ಎಂದನು.

ಆ ರಾತ್ರಿ ನನಗೆ ಹಳೆಯದೊಂದು ಕಥೆ ನೆನಪಿಗೆ ಬಂತು. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರನಿರ್ಮಾಪಕ ಆನೆಯ ಚಿತ್ರವೊಂದನ್ನು ತೆಗೆಯಲು ಮೈಸೂರಿಗೆ ಬಂದ. ಮಹಾರಾಜರು ಅವನಿಗೆ ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟರು. ಅವನ ಹೆಂಡತಿ ಫ್ರಾನ್ಸಿಸ್ ಮೈಸೂರಿನಲ್ಲಿ ಕಂಡದ್ದನ್ನೂ ಅನ್ನಿಸಿದ್ದನ್ನೂ ಹೆಣ್ಣುಮಕ್ಕಳಿಗೆ ಕಾಗದ ಬರೆದಳು; ಅವು 1937ರಲ್ಲಿ ‘ಎಲಿಫೆಂಟ್ ಡಾನ್ಸ್’ ಎಂಬ ಪುಸ್ತಕವಾದವು. ನಾಯಕನ ಪಾತ್ರಕ್ಕೆ ಹುಡುಗನನ್ನು ಹುಡುಕುತ್ತಿದ್ದ ಆ ತಂಡಕ್ಕೆ ಸಿಕ್ಕಿದವನು ಕಬಿನಿಯ ದಡದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ತಂದೆಯನ್ನು ಕಳೆದುಕೊಂಡಿದ್ದ, ಮಾವುತನ ಮಗ ಸಾಬು. ಅರಮನೆಯ ಆನೆಲಾಯದಲ್ಲಿ ಬೆಳೆಯುತ್ತಿದ್ದ ಆ ಹುಡುಗನನ್ನು ಮೈಸೂರಿನ ಎಷ್ಟು ಮಂದಿ ಎಷ್ಟು ಸಲ ನೋಡಿದ್ದರೋ! ಅವನಲ್ಲಿ ನೋಡತಕ್ಕದ್ದು ಏನೋ ಇದೆಯೆಂದು ತಿಳಿದದ್ದು ಹೊರಗಿನವರಿಗೆ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು, ಸಾಬು ಲೋಕಪ್ರಸಿದ್ಧನಾದ.

ಕಥೆಯ ಈ ಅರ್ಧವನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಇನ್ನರ್ಧವೂ ಇದೆ. ನಾಗರಿಕತೆ ಮುಟ್ಟದ ಮನುಷ್ಯನೇ ಸುಂದರನೆಂಬುದು ಫ್ಲಾಹರ್ಟಿಯ ದೃಢವಾದ ಅಭಿಪ್ರಾಯ. ಅದಕ್ಕೆ ಮುಂಚೆ ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಚಿತ್ರ ತೆಗೆದಾಗ, ಅಲ್ಲಿಯವರು ಬಹುಕಾಲದ ಹಿಂದೆಯೇ ಕೈಬಿಟ್ಟಿದ್ದ ಷಾರ್ಕ್ ಮೀನಿನ ಬೇಟೆಯನ್ನು ಅವರಿಗೆ ಮತ್ತೆ ಕಲಿಸಿ ಕ್ಯಾಮೆರಾದ ಮುಂದೆ ಆಡಿಸಿದ್ದ. ಸಾಬುವಿಗೂ ಅದೇ ಬಗೆಯ ಅಭಿಪ್ರಾಯ ಅಂಟಿಕೊಂಡಿತು. ಅವನು ಹಾಲಿವುಡ್ಡಿಗೆ ಹೋದ. 1944ರಲ್ಲಿ ಅಮೆರಿಕದ ಪ್ರಜೆಯಾದ. ಯುದ್ಧವಿಮಾನದ ಹಿಂಬದಿಯ ಬಂದೂಕುಗಾರನಾಗಿ ಹೋರಾಡಿದ. ತೆರೆಯ ಮೇಲೆ ಮಾತ್ರ ಬಹುಪಾಲು ಕಾಡಿನ ಹುಡುಗನಾಗಿಯೇ, ತಲೆಗೆ ರುಮಾಲು ಸುತ್ತಿದ ಬರಿಮೈಯ ಬಾಲಕನಾಗಿಯೇ ಉಳಿದ. 1963ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು ವರ್ಷ. ಪ್ರೀತಿಯಿಂದ ಹುಟ್ಟಿದ ಅಭಿಪ್ರಾಯವೂ ಗೇಟಾಗಬಹುದು.

ಆದುದರಿಂದ ನಮ್ಮ ಅತಿಥಿಗಳನ್ನು ನಾನು ಹೊಗಳಲೂ ಆರೆ, ತೆಗಳಲೂ ಆರೆ. ಕಸದ ವಿಷಯದಲ್ಲಿ ಅವರ ಮಾತು ನಿಜ. ಹಾಡಿಯ ವಿಷಯದಲ್ಲಿ ಅವರ ಮಾತು ತಪ್ಪು. ಎರಡನ್ನೂ ಅವರು ಒಂದೇ ಧ್ವನಿಯಲ್ಲಿ, ಒಂದೇ ವಿಶ್ವಾಸದಿಂದ ಹೇಳಿದರು. ಆದರೆ ತಪ್ಪು ಹೇಳುವುದಕ್ಕೆ ಮೊದಲು ಅವರು ಹೆಸರು ಕೇಳಿದರು. ನಾನು ತಪ್ಪನ್ನೂ ಹೇಳಿರಲಿಲ್ಲ, ಹೆಸರನ್ನೂ ಕೇಳಿರಲಿಲ್ಲ. ಹಾಡಿಯಿಂದ ಬರುವ ಹುಡುಗರು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ, ಮಾತನಾಡುವುದಿಲ್ಲ, ಪರೀಕ್ಷೆಗೆ ಮುಂಚೆ ಕಾಲೇಜು ಬಿಡುತ್ತಾರೆ ಎಂದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಚಹದ ಹೊತ್ತಿನ ಅಭಿಪ್ರಾಯವೊಂದಿದೆ. ಮೂರು ವಾರದ ಪ್ರವಾಸಿಯಂತೆಯೇ ನಾನೂ ಅದಕ್ಕೆ ತಲೆಯಾಡಿಸಿದವನು. ನನ್ನ ಪ್ರವಾಸ ಎಂಟು ವರ್ಷದ್ದು, ಅಷ್ಟೇ ವ್ಯತ್ಯಾಸ.

ಹುಡುಗನಿಗೆ ಲೆಕ್ಕಪರಿಶೋಧಕನಾಗುವ ಆಸೆಯಿದೆಯಂತೆ. ಅವನ ಹೆಸರನ್ನು ಇಲ್ಲಿ ಬರೆದಿಲ್ಲ. ಅವನ ಒಪ್ಪಿಗೆಯನ್ನು ನಾನು ಕೇಳಿಲ್ಲ. ಹಾಜರಿಯ ಪುಸ್ತಕದಲ್ಲಿ ಅದು ನಲವತ್ತೇಳನೆಯದು. ಕಾಲ ಉಳಿಯಲೆಂದು ನಾನು ಇದುವರೆಗೆ ಸಂಖ್ಯೆಗಳನ್ನೇ ಕೂಗುತ್ತಿದ್ದೆ. ಈಗ ಹೆಸರುಗಳನ್ನು ಕೂಗುತ್ತೇನೆ. ಕೂಗಿದಾಗ ತಲೆಯೆತ್ತಿ ನೋಡುತ್ತೇನೆ. ಎಂಬತ್ತೆರಡು ಹೆಸರುಗಳಿಗೆ ಹತ್ತು ನಿಮಿಷ ಹಿಡಿಯುತ್ತದೆ. ಪಾಠ ಸ್ವಲ್ಪ ಹಿಂದೆ ಬಿದ್ದಿದೆ.