ನುಂಗಿಸಿಕೊಂಡವನ ಲಾಭ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು ಲೋಕರೂಢಿ. ನುಂಗಿಸಿಕೊಂಡ ಮೀನಿನ ಒಡೆಯನೇ ಹಿಗ್ಗುವ ಲೋಕವೂ ಒಂದುಂಟು, ಅದು ಷೇರುಪೇಟೆ. ಈ ಸೋಜಿಗವನ್ನು ಆಟವಾಗಿಸಿದವರು ನ್ಯೂಯಾರ್ಕಿನ ಸಿವಿಲ್ ಇಂಜಿನಿಯರ್ ಸಿಡ್ ಸ್ಯಾಕ್ಸನ್. ಅವರ 'ಅಕ್ವೈರ್' ಆಟವನ್ನು ಅಮೆರಿಕದ ತ್ರೀ ಎಂ ಕಂಪನಿಯು 1964ರಲ್ಲಿ ಪ್ರಕಟಿಸಿತು.

ಹಲಗೆಯಲ್ಲಿ 108 ಮನೆಗಳು, ಬಿಲ್ಲೆಗಳೂ ಅಷ್ಟೇ. ಬಿಲ್ಲೆಯ ಪಕ್ಕದಲ್ಲಿ ಬಿಲ್ಲೆ ಕೂಡಿದರೆ ಒಂದು ಹೋಟೆಲು ಸಂಸ್ಥೆ ಹುಟ್ಟುತ್ತದೆ. ಒಟ್ಟು ಸಂಸ್ಥೆಗಳು 7, ಒಂದೊಂದಕ್ಕೆ 25 ಷೇರು. ಯಾವ ಸಂಸ್ಥೆಯೂ ಒಬ್ಬನ ಸ್ವತ್ತಲ್ಲ. ಯಾರು ಬೇಕಾದರೂ ಪಾಲು ಕೊಳ್ಳಬಹುದು. ಸಂಸ್ಥೆ ಬೆಳೆದಂತೆ ಷೇರಿನ ಬೆಲೆಯೂ ಏರುತ್ತದೆ.

ಆಟಗಾರನಿಗೆ ಆರಂಭದಲ್ಲಿ 6000 ಡಾಲರು. ಸರದಿಗೆ 3 ಷೇರುಗಳವರೆಗೆ ಕೊಳ್ಳಲು ಅವಕಾಶವುಂಟು. ಆದರೆ ಮನ ಬಂದಾಗ ಮಾರುವಂತಿಲ್ಲ. ಆಟದ ಜೀವವೇ ಈ ನಿರ್ಬಂಧದಲ್ಲಿದೆ. ಬಲಿಷ್ಠ ಸಂಸ್ಥೆಯ ಷೇರುಗಳನ್ನೇ ಗುಡ್ಡೆ ಹಾಕಿಕೊಂಡವನು ಕಾಗದದ ಮೇಲೆ ಸಿರಿವಂತ, ಕೈಯಲ್ಲಿ ಮಾತ್ರ ಬರಿದು.

ಹಣ ಕೈಗೆ ಮರಳುವುದು ವಿಲೀನದಲ್ಲಿ. ಎರಡು ಸಂಸ್ಥೆಗಳನ್ನು ಕೂಡಿಸುವಂತೆ ಒಂದು ಬಿಲ್ಲೆ ಬಿದ್ದೊಡನೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಅಳಿದ ಸಂಸ್ಥೆಯಲ್ಲಿ ಹೆಚ್ಚು ಪಾಲುಳ್ಳವನಿಗೆ ಷೇರುಬೆಲೆಯ 10 ಪಟ್ಟು, ಎರಡನೆಯವನಿಗೆ 5 ಪಟ್ಟು ಬಹುಮಾನ. ಬೆಲೆ 400 ಡಾಲರಾದರೆ ಮೊದಲಿಗನಿಗೆ 4000, ಎರಡನೆಯವನಿಗೆ 2000. ಮೂರನೆಯವನಿಗೆ ಬಹುಮಾನವಿಲ್ಲ. ಬಳಿಕ ಹಳೆಯ ಷೇರುಗಳನ್ನು ಮಾರಬಹುದು. ಎರಡಕ್ಕೆ ಒಂದರಂತೆ ಗೆದ್ದ ಸಂಸ್ಥೆಯ ಷೇರು ಪಡೆಯಬಹುದು. ಇಲ್ಲವೇ ಆ ಹೆಸರಿನ ಸಂಸ್ಥೆ ಮತ್ತೆ ಹುಟ್ಟೀತೆಂದು ಕಾಯಬಹುದು. ಹೀಗಾಗಿ ಜಾಣನು ಸಣ್ಣ ಸಂಸ್ಥೆಯಲ್ಲಿ ಮೇಲುಗೈ ಸಾಧಿಸಿ, ಅದು ನುಂಗಲ್ಪಡುವ ದಿನವನ್ನೇ ಎದುರು ನೋಡುತ್ತಾನೆ.

ಆದರೆ ಒಂದೇ ಸಂಸ್ಥೆ ಎಲ್ಲವನ್ನೂ ನುಂಗಿಬಿಟ್ಟರೆ ಆಟಕ್ಕೆ ಸ್ವಾರಸ್ಯವೆಲ್ಲಿ? ಅದಕ್ಕೂ ತಡೆಯುಂಟು. 11 ಬಿಲ್ಲೆಗಳಷ್ಟು ಬೆಳೆದ ಸಂಸ್ಥೆಯನ್ನು ಯಾರೂ ನುಂಗಲಾರರು. ಹಲಗೆಯ ಮೇಲಿರುವ ಸಂಸ್ಥೆಗಳೆಲ್ಲ ಹೀಗೆ ಭದ್ರವಾದಾಗ, ಅಥವಾ ಒಂದು ಸಂಸ್ಥೆಯೇ 41 ಬಿಲ್ಲೆಗಳನ್ನು ಮುಟ್ಟಿದಾಗ ಆಟ ಮುಗಿಸಬಹುದು. ಆಗ ಲೆಕ್ಕಕ್ಕೆ ಬರುವುದು ಹಣವೊಂದೇ.

ಈ ಹಲಗೆಯ ಮೇಲೆ ಹೋಟೆಲಿನ ಅಡಿಗೆಯವರಿಲ್ಲ, ಮಾಣಿಗಳಿಲ್ಲ, ಸಾಲ ಕೊಟ್ಟವರೂ ಇಲ್ಲ. ನಿಜವಾದ ವಿಲೀನದಲ್ಲಿ ಎಷ್ಟೋ ಸಲ ಬೆಲೆ ತೆರುವವರು ಅವರೇ. ಅವರನ್ನು ಬಿಟ್ಟದ್ದರಿಂದ ಆಟ ಸರಳವಾಯಿತು. ಆದರೂ ಒಂದು ಮಾತನ್ನು ಅದು ಚೆನ್ನಾಗಿ ಕಲಿಸುತ್ತದೆ: ಆಸ್ತಿವಂತನೆಲ್ಲ ಹಣವಂತನಲ್ಲ, ಒಳ್ಳೆಯ ಅವಕಾಶ ಬಾಗಿಲಿಗೆ ಬಂದಾಗ ಪೆಟ್ಟಿಗೆಯ ತುಂಬ ಷೇರುಗಳಿದ್ದೂ ಕೊಳ್ಳಲು ಕಾಸಿಲ್ಲದವನು ಸುಮ್ಮನೆ ನೋಡುತ್ತ ಕೂರಬೇಕಾಗುತ್ತದೆ.